ಹೊಳೆ ಬಂತು, ಕರೆಂಟು ಹೋಯಿತು

2020ರ ಅಕ್ಟೋಬರ್ 13, ಮಂಗಳವಾರ. ಬೆಳಗಿನ ಆರೂವರೆ–ಏಳೂವರೆಯ ನಡುವೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಆಂಧ್ರದ ಕಾಕಿನಾಡದ ಬಳಿ ದಡ ದಾಟಿತು. ಗಾಳಿಯ ವೇಗ ಗಂಟೆಗೆ ಸುಮಾರು 60 ಕಿ.ಮೀ., ನಡುನಡುವೆ 75. ಚಂಡಮಾರುತ ಎನಿಸಿಕೊಳ್ಳುವಷ್ಟು ಬಲ ಬಾರದ್ದರಿಂದ ಅದಕ್ಕೆ ಯಾರೂ ಹೆಸರಿಡಲಿಲ್ಲ. ಹೆಸರಿಲ್ಲದ ಈ ಅತಿಥಿ ತೆಲಂಗಾಣವನ್ನು ಹಾಯ್ದು ಹೈದರಾಬಾದಿನಲ್ಲಿ ಒಂದೇ ದಿನಕ್ಕೆ 19 ಸೆಂ.ಮೀ. ಆಸುಪಾಸು ಮಳೆ ಸುರಿಸಿ, ಮರುದಿನ ಕಲಬುರಗಿ, ಸೋಲಾಪುರಗಳ ಮೇಲೆ ಸಾಗಿತು. ಪಂಢರಪುರದ ಕುಂಭಾರ ಘಾಟಿನಲ್ಲಿ ಗೋಡೆ ಕುಸಿದು ಆರು ಮಂದಿ ಸತ್ತದ್ದು ಅದೇ 14ರಂದು. ಕೊನೆಗೆ ಪಶ್ಚಿಮ ಘಟ್ಟಗಳನ್ನೂ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು.

ಕಾಕಿನಾಡದಿಂದ ಕಲಬುರಗಿಗೆ 550 ಕಿ.ಮೀ.ಗೂ ಹೆಚ್ಚು ದೂರ. ಸಮುದ್ರವನ್ನು ಕಣ್ಣಿನಿಂದ ನೋಡದ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜನರಿಗೆ ಸಮುದ್ರದ ಬಿರುಗಾಳಿ ಮನೆಯ ದೀಪವನ್ನು ಆರಿಸಬಲ್ಲದು ಎಂದರೆ ಸುಲಭಕ್ಕೆ ನಂಬುಗೆ ಬಾರದು. ರೈತರ ಲೆಕ್ಕದಲ್ಲಿ ಅದು ಚಿತ್ತಿ ಮಳೆ, ಅಷ್ಟೆ. ಹಸ್ತ ಮುಗಿದು ಚಿತ್ತಾ ಹುಟ್ಟಿ ಮೂರ್ನಾಲ್ಕು ದಿನವಾಗಿತ್ತು. ಹೊಲದಲ್ಲಿ ತೊಗರಿ ಆಳೆತ್ತರ ನಿಂತಿತ್ತು, ಹತ್ತಿ ಬಿಡಿಸುವುದಿತ್ತು, ಹಿಂಗಾರಿ ಜೋಳ ಬಿತ್ತುವ ಹಂಗಾಮು ತಲೆಯ ಮೇಲಿತ್ತು.

ಭೀಮಾ ದಂಡೆಯಿಂದ ತುಸು ದೂರದ, ಏರು ಜಾಗದಲ್ಲಿರುವ ಅಫಜಲಪುರ ತಾಲೂಕಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಇದು ಯಾವುದೋ ಒಂದು ಮನೆಯ ವರದಿಯಲ್ಲ. ಆ ವಾರ ಹಲವು ಮನೆಗಳಲ್ಲಿ ನಡೆಯಬಹುದಾದುದನ್ನು ಒಂದೇ ಸೂರಿನಡಿ ತಂದದ್ದು. ಮನೆಯ ಯಜಮಾನನದು ಊರೊಳಗೆ ಹಿಟ್ಟಿನ ಗಿರಣಿ. ಹೆಂಡತಿ ಅಂಗನವಾಡಿ ಕಾರ್ಯಕರ್ತೆ. ತವರು ಆಳಂದ ಕಡೆ. ಮಗಳು ಎಸ್ಸೆಸ್ಸೆಲ್ಸಿ, ಮಗ ಏಳನೇ ಇಯತ್ತೆ. ಮುದುಕಿ ಆಯಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ. ಯಜಮಾನನ ತಂಗಿಯನ್ನು ಕೊಟ್ಟದ್ದು ಹೊಳೆಯಾಚೆ ಜೇವರ್ಗಿ ತಾಲೂಕಿಗೆ. ಮೂರು ತಾಲೂಕುಗಳಲ್ಲಿ ಹೀಗೆ ಹೆಣೆದುಕೊಂಡ ಮನೆತನಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ.

ಅದು ಕೊರೊನಾ ವರ್ಷ. ಶಾಲೆಯ ಬಾಗಿಲು ತೆರೆದಿರಲಿಲ್ಲ. ದೂರದರ್ಶನ ಚಂದನದಲ್ಲಿ ಜುಲೈ 20ರಿಂದ ‘ಸಂವೇದ’ ಪಾಠಗಳು ಬರುತ್ತಿದ್ದವು. ಶಿಕ್ಷಕರೇ ಓಣಿಗೆ ಬಂದು ಮರದ ಕೆಳಗೆ ಕಲಿಸುತ್ತಿದ್ದ ‘ವಿದ್ಯಾಗಮ’ ಅಕ್ಟೋಬರ್ 10ರ ಹೊತ್ತಿಗೆ ನಿಂತಿತು. 12ರಿಂದ 30ರವರೆಗೆ ಮಧ್ಯಂತರ ರಜೆ ಎಂದು ಸರಕಾರ ಸಾರಿತು. ರಜೆಯಲ್ಲಿ, ತಪ್ಪಿಹೋದ ಪಾಠಗಳನ್ನೆಲ್ಲ ಫೋನಿನಲ್ಲಿ ನೋಡಿ ಮುಗಿಸುವುದೆಂದು ಮಗಳು ಕ್ಯಾಲೆಂಡರಿನ ಹಿಂದೆ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದಳು. ಪಟ್ಟಿಯ ಮೊದಲ ಸಾಲು: ವಿದ್ಯುಚ್ಛಕ್ತಿ.

ಗಾಳಿಯ ಲೆಕ್ಕ

ಮಂಗಳವಾರ ರಾತ್ರಿ ಬಲ್ಬು ಎರಡು ಸಲ ಕಣ್ಣು ಮಿಟುಕಿಸಿ ಆರಿತು. ಆಯಿ ದೇವರ ಗೂಡಿನ ಎಣ್ಣೆ ದೀಪವನ್ನು ನಡುಮನೆಗೆ ತಂದಿಟ್ಟಳು. “ಆಯಿ, ಲೈಟ್ ಯಾವಾಗ ಬರ್ತಾವ?” ಎಂದು ಹುಡುಗ ಕೇಳಿದ. “ಗಾಳಿ ಸುಮ್ಮನಾದ ಮ್ಯಾಲ ಬರ್ತಾವ, ಮಲ್ಕೊ ಮಗಾ” ಎಂದಳು ಆಯಿ.

ಬಲ್ಬು ಎರಡು ಸಲ ಮಿಟುಕುವುದೇಕೆ? ಇದು ಯಾರೋ ಆಟವಾಡಿದ್ದಲ್ಲ. ತಂತಿಗೆ ಒದ್ದೆ ಟೊಂಗೆ ತಾಗಿದಾಗ ಅಥವಾ ಎರಡು ತಂತಿಗಳು ಗಾಳಿಗೆ ಒಂದಕ್ಕೊಂದು ಬಡಿದಾಗ ವಿದ್ಯುತ್ತು ಅಡ್ಡದಾರಿ ಹಿಡಿದು ವಿಪರೀತ ಪ್ರಮಾಣದಲ್ಲಿ ಹರಿಯುತ್ತದೆ. ಉಪಕೇಂದ್ರದ ರಕ್ಷಣಾ ಸಾಧನ ಅದನ್ನು ಗುರುತಿಸಿ ಕ್ಷಣಾರ್ಧದಲ್ಲಿ ಮಾರ್ಗವನ್ನು ಕಡಿಯುತ್ತದೆ. ಟೊಂಗೆ ಸರಿದುಹೋಗಿದ್ದರೆ ಮತ್ತೆ ಚಾಲು ಮಾಡಿದಾಗ ಮಾರ್ಗ ನಿಲ್ಲುತ್ತದೆ. ಟೊಂಗೆ ಅಲ್ಲೇ ಕುಳಿತಿದ್ದರೆ ಮತ್ತೆ ಕಡಿಯುತ್ತದೆ. ಎರಡು ಮೂರು ಸಲ ಹೀಗಾದರೆ ಕಂಬ ಕಂಬವನ್ನೂ ನೋಡಿ ಬರದೆ ಚಾಲು ಮಾಡುವಂತಿಲ್ಲ. ಒಂದು 11 ಕೆ.ವಿ. ಮಾರ್ಗ ಹಲವು ಹಳ್ಳಿಗಳನ್ನು ಸುತ್ತಿಕೊಂಡು ಹೋಗುತ್ತದೆ. ಎಲ್ಲೋ ಎಂಟು ಮೈಲಿಯಾಚೆ ಬೇವಿನ ಮರ ಬಿದ್ದರೆ, ಗಾಳಿಯೇ ಬೀಸದ ಊರಿನಲ್ಲಿಯೂ ಕತ್ತಲೆ. “ನಮ್ಮೂರಾಗ ಏನೂ ಆಗಿಲ್ಲ, ಆದ್ರೂ ತೆಗದಾರ” ಎಂದು ಲೈನ್‌ಮನ್‌ನನ್ನು ಬೈಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಮೀಟರ್–ಸೆಕೆಂಡುಗಳಲ್ಲಿ ವೇಗವನ್ನು ವರ್ಗ ಮಾಡಿ 0.6ರಿಂದ ಗುಣಿಸಿದರೆ ಪ್ರತಿ ಚದರ ಮೀಟರಿನ ಮೇಲೆ ಎಷ್ಟು ನ್ಯೂಟನ್ ಬಲ ಬೀಳುತ್ತದೆಂಬುದು ಸರಿಸುಮಾರು ಸಿಗುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಲೆಕ್ಕ ಹಾಕಿ ನೋಡಿ: ಚದರ ಮೀಟರಿಗೆ 170 ನ್ಯೂಟನ್ ಆಸುಪಾಸು, ಅಂದರೆ 17 ಕಿಲೋ ತೂಕವನ್ನು ಹೇರಿದ ಹಾಗೆ. ಮೂರು ಚದರ ಮೀಟರಿನ ಪತ್ರಾಸಿನ ತಗಡಿಗೆ ಐವತ್ತು ಕಿಲೋ. ಮೊಳೆ ತುಕ್ಕು ಹಿಡಿದಿದ್ದರೆ ತಗಡು ಹಾರಿ ತಂತಿಯ ಮೇಲೆ ಬೀಳುವುದರಲ್ಲಿ ಆಶ್ಚರ್ಯವೇನಿಲ್ಲ.

ಈ ಸೀಮೆಗೆ ಎರಡು ಬಗೆಯ ಬಿರುಗಾಳಿ ಪರಿಚಿತ. ಏಪ್ರಿಲ್–ಮೇ ತಿಂಗಳ ಸಂಜೆ ಧೂಳೆಬ್ಬಿಸಿ ಬರುವುದು ಒಂದು. ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೇರಿ ಗುಡುಗಿನ ಮೋಡವಾಗುತ್ತದೆ. ಮೋಡದಿಂದ ಬೀಳುವ ಹನಿಗಳು ದಾರಿಯಲ್ಲೇ ಆವಿಯಾಗುವಾಗ ಸುತ್ತಲಿನ ಗಾಳಿಯನ್ನು ತಣ್ಣಗಾಗಿಸುತ್ತವೆ. ತಣ್ಣನೆಯ ಗಾಳಿ ಭಾರ; ಅದು ಧೊಪ್ಪನೆ ನೆಲಕ್ಕಪ್ಪಳಿಸಿ ನಾಲ್ಕೂ ಕಡೆ ಚೆಲ್ಲುತ್ತದೆ. ಮಳೆಗಿಂತ ಮೊದಲೇ ಗಾಳಿ ಬರುವುದು, ಮೈಗೆ ತಂಪು ತಾಗುವುದು ಇದರಿಂದಲೇ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದರೂ ಕಂಬಗಳನ್ನು ಮುರಿಯುವುದರಲ್ಲಿ ಇದರದೇ ಮೇಲುಗೈ. 2014ರ ಫೆಬ್ರವರಿ ಕೊನೆ ಮತ್ತು ಮಾರ್ಚ್‌ನಲ್ಲಿ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದಲ್ಲಿ ಆಣೆಕಲ್ಲು ಸುರಿದು ದ್ರಾಕ್ಷಿ, ಜೋಳ ನೆಲಕಚ್ಚಿದ್ದನ್ನು ರೈತರು ಮರೆತಿಲ್ಲ. ಎರಡನೆಯದು ಅಕ್ಟೋಬರಿನ ವಾಯುಭಾರ ಕುಸಿತ. ಇದರ ಗಾಳಿ ನೆಲದ ಮೇಲೆ ಬರುಬರುತ್ತ ಸೋಲುತ್ತದೆ. ಆದರೆ ಮಳೆ ಸೋಲುವುದಿಲ್ಲ.

ಎರೆ ಮಣ್ಣಿನ ಕೈವಾಡ

ಬುಧವಾರ ಹಗಲು ಗಾಳಿ ತಗ್ಗಿತು. ಆದರೂ ಕರೆಂಟು ಬರಲಿಲ್ಲ. ಇದಕ್ಕೆ ಅರ್ಧ ಕಾರಣ ಆ ನೆಲದಲ್ಲೇ ಇದೆ.

ಭೀಮಾ ತೀರದ ಬಹುಪಾಲು ಭೂಮಿ ಎರೆ. ಈ ಕಪ್ಪು ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳ. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಈ ಖನಿಜ ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಹೊಲ, ಮಳೆಗಾಲದಲ್ಲಿ ಎತ್ತಿನ ಗೊರಸು ಕಚ್ಚಿ ಹಿಡಿಯುವ ರಾಡಿ. ಜೋಳ, ತೊಗರಿಗೆ ಇದು ವರ. ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವ ಗುಣದಿಂದಲೇ ಮಳೆ ನಿಂತ ಮೇಲೂ ಹಿಂಗಾರಿ ಬೆಳೆ ಬರುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಹಿಂದೆ ಈ ನೆಲದ ಪಾಲು ದೊಡ್ಡದು. ವಿದ್ಯುತ್ ಕಂಬಕ್ಕೆ ಮಾತ್ರ ಇದೇ ಮಣ್ಣು ವೈರಿ. ವರ್ಷ ವರ್ಷವೂ ಉಬ್ಬಿ ಕುಗ್ಗಿ ಕಂಬದ ಬುಡವನ್ನು ಸಡಿಲಿಸುತ್ತದೆ. ಕಾಂಕ್ರೀಟು ಸರಿಯಾಗಿ ಹಾಕದೆ ನೆಟ್ಟ ಕಂಬ ನಾಲ್ಕಾರು ಮಳೆಗಾಲ ಕಂಡ ಮೇಲೆ ವಾಲತೊಡಗುತ್ತದೆ. ಕಂಬ ವಾಲಿದಾಗ ಒಂದು ಕಡೆ ತಂತಿ ಬಿಗಿಯಾಗುತ್ತದೆ, ಇನ್ನೊಂದು ಕಡೆ ಜೋಲುತ್ತದೆ. ಮೂರು ದಿನ ಬಿಡದೆ ನೆನೆದ ನೆಲದಲ್ಲಿ ಅದನ್ನು ಉರುಳಿಸಲು ಬಿರುಗಾಳಿಯೇ ಬೇಕೆಂದಿಲ್ಲ.

ಬಿದ್ದ ಕಂಬವನ್ನು ಎತ್ತುವುದಾದರೂ ಹೇಗೆ? ಹೊಸ ಕಂಬ ಹೊತ್ತ ಟ್ರ್ಯಾಕ್ಟರು ಹೊಲದೊಳಗೆ ಹೋಗಲಾರದು. ಹೋದರೂ ಅಚ್ಚಿನವರೆಗೆ ಹುಗಿದುಕೊಳ್ಳುತ್ತದೆ. ಲೈನ್‌ಮನ್‌ಗಳು ಮೊಣಕಾಲುದ್ದ ಕೆಸರಿನಲ್ಲಿ ಹಗ್ಗ ಹೆಗಲಿಗೇರಿಸಿ ನಡೆದುಹೋಗಬೇಕು. ಗುಂಡಿ ತೋಡಿದರೆ ನೀರು ಒಸರುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯಕ್ಕೂ ಹಬ್ಬಿ, 60 ಕೋಟಿ ಜನರ ಪ್ರದೇಶ ಕತ್ತಲಾಯಿತು. ದಕ್ಷಿಣ ಭಾರತ ಆಗ ಬಚಾವಾದದ್ದು ಅದರ ಜಾಲ ಬೇರೆಯಾಗಿ ಓಡುತ್ತಿದ್ದುದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಮಾರ್ಗ ಜೋಡಣೆಯಾಗಿ ಇಡೀ ದೇಶ ಒಂದೇ ಜಾಲವಾಯಿತು. ರಾಯಚೂರಿಗೂ ಸೋಲಾಪುರಕ್ಕೂ ನಡುವೆ ಇರುವುದು ಇದೇ ಭೀಮಾ ತೀರದ ಸೀಮೆ. ದೇಶದ ಉತ್ತರ ದಕ್ಷಿಣಗಳನ್ನು ಬೆಸೆದ ಮಾರ್ಗದ ಆಸುಪಾಸಿನ ಹಳ್ಳಿಯ ಬಲ್ಬು ಮಾತ್ರ ಎರೆ ಹೊಲದ ಒಂದು ವಾಲಿದ ಕಂಬವನ್ನು ನಂಬಿಕೊಂಡಿದೆ! ರಾಯಚೂರಿನ ಶಾಖೋತ್ಪನ್ನ ಕೇಂದ್ರದ 1,720 ಮೆಗಾವ್ಯಾಟ್, ಕೂಡಗಿಯ 2,400 ಮೆಗಾವ್ಯಾಟ್ ಎಲ್ಲವೂ ಈ ಕೊನೆಯ ಕಂಬದ ಮುಂದೆ ನಿಷ್ಪ್ರಯೋಜಕ.

ಬಿಸಿಲು ಬಂದ ಮೇಲೆ ಹೊಳೆ ಬಂತು

ಮಳೆಯ ಜೋರು ಇಳಿದು ಬಿಸಿಲು ಇಣುಕಿದಾಗ ಗಿರಣಿಯವನಿಗೆ ಇನ್ನು ಮುಗಿಯಿತು ಎನ್ನಿಸಿತು. ಅಷ್ಟರಲ್ಲಿ ಡಂಗುರದವನು ಬಂದ: ಹೊಳೆ ಏರುತ್ತಿದೆ, ದಂಡೆಯವರು ಮನೆ ಬಿಡಬೇಕು.

ಭೀಮೆ ಸಹ್ಯಾದ್ರಿಯಲ್ಲಿ ಹುಟ್ಟಿ 861 ಕಿ.ಮೀ. ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುವವಳು. ಸೋಲಾಪುರ ಜಿಲ್ಲೆಯಲ್ಲಿ ಆಕೆಗೆ ಅಡ್ಡಲಾಗಿ ಉಜನಿ ಜಲಾಶಯವಿದೆ. ಸಾಮರ್ಥ್ಯ ಸುಮಾರು 117 ಟಿ.ಎಂ.ಸಿ. ಮಳೆಗಾಲದ ಕೊನೆಯಲ್ಲಿ ಜಲಾಶಯ ತುಂಬಿಯೇ ಇರುತ್ತದೆ. ಆ ಮೇಲೆ ಬರುವ ಬಿರುಮಳೆಯ ನೀರನ್ನು ಹಿಡಿದಿಡಲು ಜಾಗವೆಲ್ಲಿ? ಕೆಳಗೆ ಬಿಡಲೇಬೇಕು. ಉಜನಿಯಿಂದ ಬಿಟ್ಟ ನೀರಿಗೆ ಸೀನಾ, ಬೋರಿ ಹೊಳೆಗಳ ನೀರು ಕೂಡಿ ಸೊನ್ನ ಬ್ಯಾರೇಜಿನ ಹೊತ್ತಿಗೆ ಲಕ್ಷಗಟ್ಟಲೆ ಕ್ಯೂಸೆಕ್ ಆಯಿತು.

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹಾಗಾದರೆ ಒಂದು ಲಕ್ಷ ಕ್ಯೂಸೆಕ್ ಹರಿವಿನಲ್ಲಿ ಒಂದು ಟಿ.ಎಂ.ಸಿ. ನೀರು ಸೇತುವೆ ದಾಟಲು ಹತ್ತು ಸಾವಿರ ಸೆಕೆಂಡು, ಅಂದರೆ ಮೂರು ಗಂಟೆಗೂ ಕಡಿಮೆ ಸಾಕು. ಮೇಲಿನ ನೀರು ಕೆಳಗಿನ ಊರು ಮುಟ್ಟಲು ಸಮಯ ಹಿಡಿಯುವುದರಿಂದ, ಅಫಜಲಪುರ, ಜೇವರ್ಗಿಗಳಲ್ಲಿ ಆಕಾಶ ತಿಳಿಯಾದ ಮೇಲೆಯೇ ಹೊಳೆ ತುಂಬಿ ಬಂತು. ಭೀಮಾ–ಅಮರ್ಜಾ ಸಂಗಮದ ದೇವಲ ಗಾಣಗಾಪುರದ ಬಳಿ ಸೇತುವೆ ಮುಳುಗಿತು. ಶನಿವಾರ, 17ನೇ ತಾರೀಖು, ನವರಾತ್ರಿಯ ಮೊದಲ ದಿನ. ಘಟ ಕೂಡಿಸುವ ಹೊತ್ತಿನಲ್ಲಿ ದಂಡೆಯ ಹಳ್ಳಿಗಳ ಜನ ಕಾಳಜಿ ಕೇಂದ್ರಗಳಲ್ಲಿದ್ದರು. ಜಿಲ್ಲೆಗೆ ಸೇನೆಯ ತುಕಡಿಯೂ ಬಂತು. ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪನವರು ವೈಮಾನಿಕ ಸಮೀಕ್ಷೆ ನಡೆಸಿದ್ದು 21ರಂದು.

ಹೊಳೆ ಬಂದಾಗ ಕರೆಂಟನ್ನು ಬೇಕೆಂದೇ ತೆಗೆಯುತ್ತಾರೆ. ಇದು ಬಹುಮಂದಿಗೆ ತಿಳಿಯದು. ರಸ್ತೆಗೆ ಅಡ್ಡವಾಗಿ ಹೋಗುವ 11 ಕೆ.ವಿ. ತಂತಿ ನೆಲದಿಂದ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕೆಂಬುದು ನಿಯಮ. ಹೊಲದ ಮೇಲಾದರೆ ಇನ್ನೂ ಕಡಿಮೆ. ನೆಲದ ಮೇಲೆ ಮೂರು ಮೀಟರ್ ನೀರು ನಿಂತಿತೆನ್ನಿ. ದೋಣಿಯಲ್ಲಿ ಎದ್ದು ನಿಂತು ಕೋಲು ಎತ್ತಿದವನಿಗೂ ತಂತಿಗೂ ಎಷ್ಟು ಅಂತರ ಉಳಿಯಿತು? ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆ ಮುಳುಗಿದರಂತೂ ಸುತ್ತಲಿನ ನೀರೇ ಅಪಾಯ. ಜೀವ ಉಳಿಸಲು ತೆಗೆದ ಕರೆಂಟು ಅದು.

ಬಿದ್ದ ತಂತಿಯ ವಿಷಯದಲ್ಲಿ ಮಕ್ಕಳು ಒಂದು ಸಂಗತಿಯನ್ನು ಪಾಠಕ್ಕಿಂತ ಗಟ್ಟಿಯಾಗಿ ಕಲಿತಿರಬೇಕು. ಒದ್ದೆ ನೆಲಕ್ಕೆ ತಂತಿ ಬಿದ್ದರೆ ಅದನ್ನು ಮುಟ್ಟದಿದ್ದರೂ ಆಘಾತವಾಗಬಹುದು. ತಂತಿ ಬಿದ್ದ ಜಾಗದಲ್ಲಿ ನೆಲದ ವೋಲ್ಟೇಜು ಹೆಚ್ಚು. ದೂರ ಹೋದಂತೆ ಕಡಿಮೆ. ಕೆರೆಗೆ ಕಲ್ಲು ಎಸೆದಾಗ ಏಳುವ ಬಳೆಗಳನ್ನು ನೆನಪಿಸಿಕೊಳ್ಳಿ. ದೊಡ್ಡ ಹೆಜ್ಜೆ ಹಾಕಿದಾಗ ಒಂದು ಕಾಲು ಒಂದು ಬಳೆಯಲ್ಲಿ, ಮತ್ತೊಂದು ಕಾಲು ಇನ್ನೊಂದರಲ್ಲಿ. ಎರಡರ ನಡುವಿನ ವೋಲ್ಟೇಜು ವ್ಯತ್ಯಾಸ ಮೈಯೊಳಗೆ ವಿದ್ಯುತ್ತನ್ನು ಹರಿಸುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಿರುವ ಎತ್ತು, ಎಮ್ಮೆಗಳು ಮನುಷ್ಯನಿಗಿಂತ ಬೇಗ ಬಲಿಯಾಗುವುದು ಈ ಕಾರಣಕ್ಕೆ. ಅಂಥ ಜಾಗದಲ್ಲಿ ಸಿಕ್ಕಿಕೊಂಡರೆ ಎರಡೂ ಪಾದಗಳನ್ನು ಜೋಡಿಸಿ, ನೆಲಬಿಡದೆ ಇಷ್ಟಿಷ್ಟೇ ತೆವಳಿಸುತ್ತ ದೂರ ಸರಿಯಬೇಕು. ನಂತರ 1912ಕ್ಕೆ ಫೋನು. ಹಸುವನ್ನು ಬಿಡಿಸಲು ಓಡಿಹೋಗುವುದು, ಬಡಿಗೆಯಿಂದ ತಂತಿ ಸರಿಸುವುದು ಸಲ್ಲದು. ಒದ್ದೆ ಬಡಿಗೆಯೂ ವಾಹಕವೇ.

ಗಿರಣಿ, ಮಡಕೆ, ಫೋನು

ಕರೆಂಟು ಇಲ್ಲದ ನಾಲ್ಕನೆಯ ದಿನಕ್ಕೆ ಮನೆಯ ಹೆಣಿಗೆ ಬಿಚ್ಚತೊಡಗಿತು. ಓಣಿಯ ಟಾಕಿಗೆ ನೀರು ಏರಿಸುವ ಪಂಪು ನಿಂತು ನಲ್ಲಿ ಒಣಗಿತ್ತು. ಹೆಂಗಸರು ಸೇದುವ ಬಾವಿಯ ಕಡೆ ಕೊಡ ಹಿಡಿದರು. ಬಾವಿಯ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂಗನವಾಡಿಯಲ್ಲಿ ತಾಯಂದಿರಿಗೆ ತಾನೇ ಹೇಳಿಕೊಟ್ಟದ್ದನ್ನು ಈಕೆ ಈಗ ಮನೆಯಲ್ಲಿ ಮಾಡಿದಳು: ಕೊಡದೊಳಗೆ ಪಟಿಕದ ಹರಳನ್ನು ನಾಲ್ಕು ಸುತ್ತು ಆಡಿಸಿ ಬಿಟ್ಟಳು. ನೀರಿನಲ್ಲಿ ತೇಲುವ ಮಣ್ಣಿನ ಕಣಗಳಲ್ಲಿ ಋಣ ವಿದ್ಯುದಂಶವಿರುತ್ತದೆ. ಒಂದನ್ನೊಂದು ದೂರ ತಳ್ಳುವುದರಿಂದಲೇ ಅವು ತಳ ಸೇರುವುದಿಲ್ಲ. ಪಟಿಕದ ಅಲ್ಯುಮಿನಿಯಂ ಅಯಾನುಗಳು ಅದನ್ನು ಹೊಡೆದುಹಾಕಿದಾಗ ಕಣಗಳು ಮುದ್ದೆಗಟ್ಟಿ ಕೆಳಗಿಳಿಯುತ್ತವೆ. ಆದರೆ ತಿಳಿ ನೀರೆಲ್ಲ ಶುದ್ಧ ನೀರಲ್ಲ. ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿದರೆ ಮಾತ್ರ ರೋಗಾಣುಗಳು ಸಾಯುತ್ತವೆ.

ಗಿರಣಿ ನಿಂತದ್ದು ಒಂದು ಮನೆಯ ವರಮಾನದ ಪ್ರಶ್ನೆಯಷ್ಟೇ ಆಗಿರಲಿಲ್ಲ. ದಿನಕ್ಕೆರಡು ಸಲ ರೊಟ್ಟಿ ತಟ್ಟುವ ಊರಿನಲ್ಲಿ ಹಿಟ್ಟೇ ಮುಗಿಯುತ್ತ ಬಂತು. ಕಟ್ಟಿ ಮಾಡಿಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಮೇಲೆ ಎರಡು ದಿನ ಸಾಗಿತು. ಆಯಿ ಹಿತ್ತಲಲ್ಲಿ ಬೋರಲು ಬಿದ್ದಿದ್ದ ಬೀಸುವ ಕಲ್ಲನ್ನು ತೊಳೆಸಿ ಒಳಗೆ ಹಾಕಿಸಿದಳು. ಮೊಮ್ಮಗಳು ಹತ್ತು ನಿಮಿಷ ಬೀಸಿ ಕೈ ಝಾಡಿಸಿದಳು. ತಪ್ಪು ಅವಳದಲ್ಲ. ಗಿರಣಿಯ ಹತ್ತು ಹಾರ್ಸ್‌ಪವರ್ ಮೋಟಾರು ಎಂದರೆ 7,460 ವ್ಯಾಟ್. ದಿನವಿಡೀ ದುಡಿಯುವ ಗಟ್ಟಿಮುಟ್ಟಾದ ಮನುಷ್ಯನ ಶಕ್ತಿ 75 ವ್ಯಾಟ್ ಆಸುಪಾಸು. ಗುಂಡಿ ಒತ್ತಿದಾಗ ಗಿರಣಿಯಲ್ಲಿ ನೂರು ಆಳುಗಳು ಬಂದು ನಿಲ್ಲುತ್ತಿದ್ದರು. ಆ ವಾರ ಅವರೆಲ್ಲ ರಜೆ ಹಾಕಿದ್ದರು. ಒಂದು ಕಾಲಕ್ಕೆ ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಇಡೀ ಮನೆಗೆ ಬೀಸುತ್ತಿದ್ದುದನ್ನು ಹಾಡಿ ಹೊಗಳುವವರು, ಆ 75 ವ್ಯಾಟ್ ಯಾರ ರಟ್ಟೆಯಿಂದ ಬರುತ್ತಿತ್ತು ಎಂಬುದನ್ನೂ ನೆನೆಯಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಆಯಿಯ ಇನ್ಸುಲಿನ್. ಫ್ರಿಜ್ಜಿನ ಬಾಗಿಲು ತೆರೆಯದೆ ಇದ್ದರೆ ತಂಪು ನಾಲ್ಕು ತಾಸು ನಿಲ್ಲುತ್ತದೆ, ನಾಲ್ಕು ದಿನವಲ್ಲ. ಬಳಕೆಯಲ್ಲಿರುವ ಸೀಸೆಯನ್ನು ಕೋಣೆಯ ಹದವಾದ ಉಷ್ಣತೆಯಲ್ಲಿ, ಬಿಸಿಲು ತಾಗದಂತೆ ಇಟ್ಟರೆ ಸಾಮಾನ್ಯವಾಗಿ ನಾಲ್ಕು ವಾರ ಬಳಸಬಹುದು. ತೊಂದರೆ ಒಡೆಯದೆ ಇಟ್ಟ ಸೀಸೆಗಳದು; ಅವಕ್ಕೆ 2ರಿಂದ 8 ಡಿಗ್ರಿ ಬೇಕು. ಗಿರಣಿಯವನು ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಪ್ಲಾಸ್ಟಿಕ್ ಚೀಲದಲ್ಲಿ ಸೀಸೆಗಳನ್ನು ಇಳಿಬಿಟ್ಟ. ಒಂದು ಗ್ರಾಂ ನೀರು ಆವಿಯಾಗಲು ಸುತ್ತಲಿನಿಂದ ಸುಮಾರು 2,400 ಜೂಲ್ ಶಾಖವನ್ನು ಎಳೆದುಕೊಳ್ಳುತ್ತದೆ; ಮಡಕೆಯ ನೀರು ತಂಪಾಗುವ ಗುಟ್ಟು ಅದೇ. ಆದರೆ ಮಳೆಯ ಹವೆಯಲ್ಲಿ ತೇವ ತುಂಬಿರುವಾಗ ಆವಿಯಾಗುವುದೇ ನಿಧಾನ. ಮೇ ತಿಂಗಳಲ್ಲಿ ಚೆನ್ನಾಗಿ ತಂಪಾಗುವ ಮಡಕೆ ಅಕ್ಟೋಬರಿನ ಮಳೆಯಲ್ಲಿ ಅರ್ಧ ಕೆಲಸವನ್ನೂ ಮಾಡದು. ಆದ್ದರಿಂದ ಹೊಸ ಸೀಸೆಗಳನ್ನು ತಾಲೂಕು ಆಸ್ಪತ್ರೆಯ ಜನರೇಟರ್ ಇರುವ ಫ್ರಿಜ್ಜಿಗೆ ಒಯ್ದು ಒಪ್ಪಿಸಿ ಬಂದದ್ದು ಮಡಕೆಗಿಂತ ಜಾಣತನದ ಕೆಲಸ.

ಫೋನಿನದು ಇನ್ನೊಂದು ಕಥೆ. ಜೇವರ್ಗಿಯ ತಂಗಿಯ ಊರು ದಂಡೆಯ ಮೇಲಿತ್ತು. ಬುಧವಾರ ರಾತ್ರಿ ಒಂದು ಸಲ ಮಾತಾಡಿದ್ದಳು: “ಅಣ್ಣಾ, ನೀರು ಗುಡಿ ತನಕ ಬಂದಾವ. ದನಾ ಹೊಡಕೊಂಡು ಸಾಲಿಗಿ ಹೊಂಟೀವಿ.” ಆ ಮೇಲೆ ಸುದ್ದಿಯಿಲ್ಲ. ಮೊಬೈಲ್ ಗೋಪುರಗಳೂ ಇದೇ ಕರೆಂಟಿನ ಮೇಲೆಯೇ ಬದುಕುವಂಥವು. ಅವುಗಳ ಬ್ಯಾಟರಿ ಕೆಲವು ತಾಸು ಎಳೆಯುತ್ತದೆ, ನಂತರ ಡೀಸೆಲ್ ಜನರೇಟರ್. ರಸ್ತೆ ಮುಳುಗಿದ ಮೇಲೆ ಡೀಸೆಲ್ ತರುವವರಾರು? ಶುಕ್ರವಾರದ ಹೊತ್ತಿಗೆ ಫೋನಿನಲ್ಲಿ ಚಾರ್ಜೂ ಇಲ್ಲ, ಇದ್ದರೂ ಗೆರೆಗಳಿಲ್ಲ. ಸುದ್ದಿ ಹೇಳಿದ್ದು ಹಳೆಯ ಟ್ರಾನ್ಸಿಸ್ಟರ್. ಎರಡು ಸೆಲ್ ಹಾಕಿದರೆ ವಾರಗಟ್ಟಲೆ ಮಾತಾಡುವ ಈ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ ಮನೆಗಳು ಆ ವಾರ ಅದನ್ನು ಕೆಳಗಿಳಿಸಿ ಧೂಳು ಒರೆಸಿರಬೇಕು.

ಇನ್‌ವರ್ಟರ್ ಇದ್ದವರ ಮನೆಯಲ್ಲೂ ಎರಡನೆಯ ದಿನಕ್ಕೆ ಕತ್ತಲು. ಇದನ್ನು ತಪ್ಪಿಸಲು ಸಣ್ಣ ಗುಣಾಕಾರ ಸಾಕಿತ್ತು. 12 ವೋಲ್ಟಿನ 150 ಆಂಪಿಯರ್–ಅವರ್ ಬ್ಯಾಟರಿಯಲ್ಲಿರುವುದು 1,800 ವ್ಯಾಟ್–ಅವರ್. ನಿಜವಾಗಿ ಕೈಗೆ ಸಿಗುವುದು 1,200 ಎಂದಿಟ್ಟುಕೊಳ್ಳಿ. 75 ವ್ಯಾಟಿನ ಫ್ಯಾನು, 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು ಹಾಕಿದರೆ ಹನ್ನೆರಡು–ಹದಿಮೂರು ತಾಸಿಗೆ ಮುಗಿಯಿತು. ಫ್ಯಾನು ಬಿಟ್ಟು ಬಲ್ಬು ಮಾತ್ರ ಉರಿಸಿದರೆ, ಇನ್‌ವರ್ಟರ್ ತಾನೇ ತಿನ್ನುವುದನ್ನು ಕಳೆದರೂ ನಾಲ್ಕೈದು ರಾತ್ರಿ ಕಳೆಯಬಹುದು. ಒಂದು ಫೋನಿನ ಬ್ಯಾಟರಿಗೆ ಬೇಕಾದದ್ದು ಬರೀ 15 ವ್ಯಾಟ್–ಅವರ್. ಟಿ.ವಿ.ಗೆ ಸುರಿದ ವಿದ್ಯುತ್ತಿನಲ್ಲಿ ಓಣಿಯ ಫೋನುಗಳನ್ನೆಲ್ಲ ತುಂಬಿಸಬಹುದಿತ್ತು. ಇನ್‌ವರ್ಟರ್ ಮಾರುವವರು ಈ ಲೆಕ್ಕವನ್ನು ಗ್ರಾಹಕರಿಗೆ ಹೇಳಿಕೊಡುವುದು ಕಡಿಮೆ. ಮಗಳು ಮೇಣದಬತ್ತಿಯ ಬೆಳಕಲ್ಲಿ ಓದಲು ಕುಳಿತು ಕಣ್ಣೀರಿಟ್ಟದ್ದಕ್ಕೂ ಲೆಕ್ಕವಿದೆ. ಬತ್ತಿಯೊಂದು ಕೊಡುವ ಬೆಳಕು 12 ಲ್ಯೂಮೆನ್ ಆಸುಪಾಸು. ಒಂಬತ್ತು ವ್ಯಾಟಿನ ಎಲ್‌ಇಡಿ ಕೊಡುವುದು ಸುಮಾರು 900.

ಬೆಳಕು ಮರಳುವ ದಾರಿ

ತಂಗಿ ಮತ್ತವಳ ಮಕ್ಕಳು ಶಾಲೆಯ ಕಾಳಜಿ ಕೇಂದ್ರದಲ್ಲಿ ಸುರಕ್ಷಿತವಾಗಿದ್ದಾರೆಂಬ ಮಾತು ಭಾನುವಾರ ಬಂತು. ತಂದವನು ಆಳಂದದಿಂದ ಬೈಕಿನಲ್ಲಿ ಸುತ್ತುದಾರಿ ಹಿಡಿದು ಬಂದ ಸೋದರಮಾವ. ಭೀಮೆಯ ದಂಡೆಯಿಂದ ದೂರವಿರುವ ಆಳಂದದ ಆ ಭಾಗಕ್ಕೆ ಕರೆಂಟು ಮೊದಲೇ ಬಂದಿತ್ತು. ಫೋನು ಅಲ್ಲಿ ಹತ್ತಿತ್ತು. ಚೀಲದಲ್ಲಿ ಹತ್ತು ಸೇರು ಬೀಸಿದ ಜೋಳದ ಹಿಟ್ಟು, ಹುಡುಗಿಗಾಗಿ ತುಂಬು ಚಾರ್ಜಿನ ಪವರ್ ಬ್ಯಾಂಕು.

ಒಂದು ಊರಿಗೆ ಮೊದಲು, ಇನ್ನೊಂದಕ್ಕೆ ತಡ. ಇದು ಪಕ್ಷಪಾತವೆಂದೇ ಜನ ತಿಳಿಯುತ್ತಾರೆ. ಕೆಲವೊಮ್ಮೆ ಇರಲೂಬಹುದು. ಆದರೆ ಮರಕ್ಕೆ ನೀರು ಬೇರಿನಿಂದ ಏರುವಂತೆ ವಿದ್ಯುತ್ತೂ ಬುಡದಿಂದಲೇ ಬರಬೇಕು. 110 ಕೆ.ವಿ. ಮಾರ್ಗ ಸರಿಯಾಗದೆ 33 ಕೆ.ವಿ.ಗೆ ಅರ್ಥವಿಲ್ಲ, 33 ಬಾರದೆ 11 ಬಾರದು, ಆ ಮೇಲೆ ಊರಿನ ಟ್ರಾನ್ಸ್‌ಫಾರ್ಮರ್, ಎಲ್ಲಕ್ಕಿಂತ ಕೊನೆಗೆ ಮನೆಯ 230 ವೋಲ್ಟ್. ನೀರಲ್ಲಿ ಮುಳುಗಿದ್ದ ಟ್ರಾನ್ಸ್‌ಫಾರ್ಮರನ್ನು ಒಣಗಿಸಿ, ಎಣ್ಣೆ ಪರೀಕ್ಷಿಸದೆ ಚಾಲು ಮಾಡಿದರೆ ಸಿಡಿಯುತ್ತದೆ. ‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಮನೆಗಳ ಮಾರ್ಗವನ್ನು ಪಂಪ್‌ಸೆಟ್ಟುಗಳ ಮಾರ್ಗದಿಂದ ಬೇರ್ಪಡಿಸಿದ ಊರುಗಳಲ್ಲಿ ಒಂದು ಅನುಕೂಲವಿದೆ. ಹೊಲದ ಕಂಬಗಳೆಲ್ಲ ಏಳುವವರೆಗೆ ಮನೆಗಳು ಕಾಯಬೇಕಿಲ್ಲ.

ನೀರಿಳಿದು ಮೂರು ದಿನಕ್ಕೆ, ಸಂಜೆ, ಓಣಿಯ ಮಕ್ಕಳು ಹೋ ಎಂದು ಕೂಗಿದರು. ಬಲ್ಬು ಕೆಂಪಗೆ ಹತ್ತಿ, ಮಂಕಾಗಿ, ಮತ್ತೆ ಆರಿತು. ಇದಕ್ಕೆ ಊರವರೇ ಹೊಣೆ. ಕರೆಂಟು ಹೋದಾಗ ಹಾಕಿದ್ದ ಗುಂಡಿಗಳನ್ನು ಯಾರೂ ತೆಗೆದಿರಲಿಲ್ಲ. ಪಂಪು, ಫ್ರಿಜ್ಜು, ಗಿರಣಿ ಎಲ್ಲ ಒಮ್ಮೆಲೇ ಎದ್ದವು. ಮೋಟಾರೊಂದು ಹೊರಡುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಫ್ಯೂಸು ತಡೆದುಕೊಳ್ಳಲಿಲ್ಲ. ಲೈನ್‌ಮನ್ ಓಣಿಯಲ್ಲಿ ನಡೆದು, “ಎಲ್ಲಾರೂ ಮೇನ್ ತಗೀರಿ, ಬರೀ ಒಂದೊಂದು ಲೈಟ್ ಇಡ್ರಿ” ಎಂದು ಕೂಗಿ ಹೇಳಿದ ಮೇಲೆ ಮತ್ತೆ ಹಾಕಿದ. ಈ ಸಲ ನಿಂತಿತು. ಗೋಡೆಗಳು ಒದ್ದೆಯಾಗಿದ್ದ ಮನೆಗಳಿಗೆ ಮಾತ್ರ ಆತ ಆ ರಾತ್ರಿ ಸಂಪರ್ಕ ಕೊಡಲಿಲ್ಲ, ಬೈಸಿಕೊಂಡರೂ ಕೊಡಲಿಲ್ಲ.

ಗಿರಣಿಯ ಮುಂದೆ ಬೆಳಗಾಗುವ ಮೊದಲೇ ಡಬ್ಬಿಗಳ ಸಾಲು ನಿಂತಿತು. ಕಾಳಜಿ ಕೇಂದ್ರದಿಂದ ಬಂದವರ ಜೋಳವನ್ನು ಮೊದಲು ಬೀಸಿ ಕೊಡಬೇಕೆಂದು ಆಯಿ ಹೇಳಿ ಕಳಿಸಿದ್ದಳು. ಹುಡುಗಿಯ ಪಟ್ಟಿಯಲ್ಲಿ ಹತ್ತು ದಿನ ಹೋಗಿದ್ದವು. ಅವಳ ತಂಡದವರ ಪರೀಕ್ಷೆ ಕೊನೆಗೆ 2021ರ ಜುಲೈ 19 ಮತ್ತು 22ರಂದು, ಎರಡೇ ದಿನದಲ್ಲಿ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ನಡೆಯಿತು. ಭೀಮೆ 2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮತ್ತೊಮ್ಮೆ ಉಕ್ಕಿ, ಕಲಬುರಗಿ–ಜೇವರ್ಗಿ ನಡುವಿನ ಕಟ್ಟಿಸಂಗಾವಿ ಸೇತುವೆಯ ಸಂಚಾರ ನಿಂತಿತು. ಆ ಹೊತ್ತಿಗೂ ಎರೆ ಹೊಲಗಳ ಕಂಬಗಳು ಐದು ಮಳೆಗಾಲ ಹೆಚ್ಚು ಕಂಡಿದ್ದವು.